ಕುಕ್ಕರಿನಲ್ಲಿ ಬೆಂದ ದಾಳ

ನಾಗಪುರಕ್ಕೆ ಬಂದ ಮೊದಲ ಭಾನುವಾರ ಮಧ್ಯಾಹ್ನ ಮಲಗಿ ಎದ್ದಾಗ, ಹೊರಗಿನ ಕೋಣೆಯಲ್ಲಿ ನಾಲ್ಕು ಮಂದಿ ಕೂತು ಒಂದು ಹೆಣವನ್ನು ಎಲ್ಲಿ ಮುಚ್ಚಿಡಬೇಕು ಎಂದು ಜಗಳಾಡುತ್ತಿದ್ದರು. ಒಬ್ಬ ಬಾವಿಗೆ ಹಾಕೋಣ ಎಂದ. ಒಬ್ಬಳು ಬೇಡ, ಊರಿನವರು ಕುಡಿಯುವ ನೀರು ಅದು ಎಂದಳು. ನನ್ನ ಮಗಳು ಗಿರಿಜಾ, ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವವಳು, ನಲವತ್ತು ದಾಟಿದವಳು, ಇರುವೆ ತುಳಿದರೂ ಅಯ್ಯೋ ಎನ್ನುವವಳು, ನಿಧಾನವಾಗಿ ಹೇಳಿದಳು: "ಮೊದಲ ಬೂಟು ಬಿಚ್ಕೊಳೂಣು. ಬೂಟು ಚಲೋ ಅದಾವು."

ಹುಬ್ಬಳ್ಳಿಯ ಬಸ್ ಸ್ಟ್ಯಾಂಡಿನ ಹಿಂದೆ ಮೂವತ್ತು ವರ್ಷ ಖಾನಾವಳಿ ನಡೆಸಿದವಳು ನಾನು. ಕುಡಿದವರನ್ನು ಕಂಡಿದ್ದೇನೆ, ಚಾಕು ತೆಗೆದವರನ್ನು ಕಂಡಿದ್ದೇನೆ, ಲಟ್ಟಣಿಗೆಯಿಂದ ಒಂದಿಬ್ಬರನ್ನು ಬಡಿದೂ ಇದ್ದೇನೆ. ಆದರೆ ಕೊಂದು ಬಂದು ಚುಡುವಾ ತಿನ್ನುತ್ತ ಬೂಟಿನ ಮಾತಾಡುವವರನ್ನು ಕಂಡಿರಲಿಲ್ಲ. ಗೋಡೆ ಹಿಡಿದುಕೊಂಡು ಹೊರಗೆ ಬಂದೆ.

"ಯಾರ ಹೆಣಾ ಅದು?"

"ಖರೇ ಹೆಣಾ ಅಲ್ಲಬೇ," ಎಂದಳು ಗಿರಿಜಾ. "ಆಟ ಇದು."

"ಖರೇ ಅಲ್ಲದ ಹೆಣಕ್ಕ ಬೂಟು ಎಲ್ಲಿಂದ ಬಂದೂ?"

ನಾಲ್ವರೂ ಬಿದ್ದು ಬಿದ್ದು ನಕ್ಕರು. ನನಗೆ ಸಿಟ್ಟು ಬಂತು. ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ನನ್ನ ಭುಜ ರೊಟ್ಟಿ ಬಡಿದು ಬಡಿದು ಕೈಕೊಟ್ಟಿತ್ತು. ಖಾನಾವಳಿ ಮುಚ್ಚಿದೆ. ಗಿರಿಜಾ ಬಾ ಎಂದಳು. ಬ್ಯಾಸಿಗಿ ತನಕ ನೋಡ್ತೇನಿ ಎಂದು ಬಂದೆ. ಇಲ್ಲೇ ಇರುತ್ತೇನೆ ಎಂದು ಬರಲಿಲ್ಲ. ಅದಕ್ಕೇ ನನ್ನ ಟ್ರಂಕನ್ನು ಒಳಗೆ ತರಿಸಲಿಲ್ಲ, ಬಾಗಿಲ ಹೊರಗೆ ಮೆಟ್ಟಿಲ ಕಟ್ಟೆಯ ಮೇಲೆಯೇ ಇಡಿಸಿದೆ. ಬೇಕಾದ ಎರಡು ಸೀರೆ ತೆಗೆದುಕೊಂಡು ಮತ್ತೆ ಬೀಗ ಹಾಕಿದೆ.

ಮನೆ ಬಜಾಜ್ ನಗರದಲ್ಲಿ, ಮೊದಲನೆಯ ಮಾಳಿಗೆ. ಕೆಳಗೆ ಮನೆಯ ಒಡತಿ ಸುಲಭಾ ಕಾಕೂ ಒಬ್ಬರೇ ಇರುತ್ತಾರೆ. ನನ್ನ ವಾರಿಗೆಯವರು, ಗಂಡ ತೀರಿಕೊಂಡಿದ್ದಾರೆ. ಅವರ ಮನೆಗೆ ನಿಯಮ ಬಹಳ. ಒಗೆದ ಬಟ್ಟೆಯ ನೀರು ತುಳಸಿಯ ಮೇಲೆ ಬೀಳಬಾರದು. ಮೀನಿನ ವಾಸನೆ ಬರಬಾರದು. ಮೆಟ್ಟಿಲ ಕಟ್ಟೆಯ ಮೇಲೆ ಸಾಮಾನು ಇಡಬಾರದು. ನನ್ನ ಟ್ರಂಕು ನೋಡಿದ ದಿನದಿಂದಲೇ ಅವರಿಗೂ ನನಗೂ ಆಗಿಬರಲಿಲ್ಲ. "ಕಾಹೂನ್ ಬಾಹೇರ್?" ಎಂದು ಕೇಳುತ್ತಿದ್ದರು. ಬಾಹೇರ್ ಅಂದರೆ ಹೊರಗೆ, ಕಾಹೂನ್ ಅಂದರೆ ಯಾಕೆ. ಪುಣೆಯವರು ಹಾಗೆ ಅನ್ನುವುದಿಲ್ಲವಂತೆ, ಈ ಕಡೆಯವರ ಮಾತು ಅದು. ಖಾನಾವಳಿಗೆ ಮಿರಜ ಸಾಂಗ್ಲಿಯ ಲಾರಿಯವರು ಬರುತ್ತಿದ್ದರಿಂದ ನನಗೆ ಹರಕು ಮುರುಕು ಮರಾಠಿ ಬರುತ್ತದೆ. "ಜಾಣಾರ್ ಆಹೇ," ಹೋಗುವವಳಿದ್ದೇನೆ, ಎಂದೆ. ಅವರು ಟ್ರಂಕನ್ನೂ ನನ್ನನ್ನೂ ನೋಡಿ ಮೂಗು ಮುರಿದರು.

ಊರು ಕೆಟ್ಟದ್ದೇನಲ್ಲ. ಜೋಳದ ರೊಟ್ಟಿ ಇಲ್ಲೂ ಉಂಟು, ಭಾಕರಿ ಅನ್ನುತ್ತಾರೆ, ನಮ್ಮದಕ್ಕಿಂತ ದಪ್ಪ. ಝುಣಕ ನಮ್ಮದೇ. ಕೊತ್ತಂಬರಿಗೆ ಸಾಂಬಾರ್ ಅನ್ನುತ್ತಾರೆ. ಸಂತೆಯಲ್ಲಿ ಒಬ್ಬಳು ಸಾಂಬಾರ್ ಸಾಂಬಾರ್ ಎಂದು ಕೂಗುವಾಗ ಪಾತ್ರೆ ಎಲ್ಲಿ ಎಂದು ನಾನು ಹುಡುಕಿದೆ. ಸಾವಜಿ ಎಂಬ ಖಾರದ ಸಾರು ಮಾಡುತ್ತಾರೆ. ಹುಬ್ಬಳ್ಳಿಯ ನಾಲಿಗೆ ನನ್ನದು, ಆದರೂ ಕಣ್ಣಲ್ಲಿ ನೀರು ಬಂತು. ನಮ್ಮ ಕಡೆ ಬಿಸಿಲು ಬಯ್ಯುತ್ತದೆ, ಇಲ್ಲಿ ಹೊಡೆಯುತ್ತದೆ.

ಮಾತೇ ಕಷ್ಟ. ಖಾನಾವಳಿಯಲ್ಲಿ ದಿನಕ್ಕೆ ನೂರು ಮಂದಿಯನ್ನು ಬಯ್ಯುತ್ತಿದ್ದೆ. ಇಲ್ಲಿ ಗಿರಿಜಾ ಬೆಳಿಗ್ಗೆ ಹೋದರೆ ಸಂಜೆ ಬರುತ್ತಾಳೆ. ಬಯ್ಯಲು ಒಂದು ಬೆಕ್ಕೂ ಇಲ್ಲ. ಗೋಡೆಯ ಆಚೆಯಿಂದ ಹಿಂದಿ, ಕೆಳಗಿನಿಂದ ಮರಾಠಿ. ನನ್ನ ಬಾಯಿ ಬಾಡಿಹೋಯಿತು.

ಎರಡನೆಯ ಭಾನುವಾರ ಅವರಿಗೆ ಅಡಿಗೆ ಮಾಡಿ ಹಾಕೋಣ ಎಂದು ಹೊರಟೆ. ಪ್ರೀತಿಯಿಂದಲ್ಲ, ಚುಡುವಾ ತಿಂದು ನೆಲವೆಲ್ಲ ಹೊಲಸು ಮಾಡುತ್ತಿದ್ದರು ಎಂದು. ತೊಗರಿ ಬೇಳೆಯ ಡಬ್ಬಿಯಿಂದ ಎರಡು ಬೊಗಸೆ ಕುಕ್ಕರಿಗೆ ಸುರಿದೆ. ಕಣ್ಣು ಮಂಜು, ತೊಳೆದೆ, ಇಟ್ಟೆ. ಸೀಟಿ ಹೊಡೆಯಿತು. ಮುಚ್ಚಳ ತೆಗೆದು ಸೌಟು ಹಾಕಿದರೆ ಟಣ್ ಎಂದಿತು. ಕೆಂಪಗೆ ಏನೋ ಒಂದು ಮೇಲೆ ಬಂತು. ನೋಡಿದರೆ ಇಪ್ಪತ್ತು ಮುಖದ ದಾಳ.

ನನಗೆ ಗೊತ್ತಿರುವ ದಾಳ ಪಗಡೆಯದು. ಚೌಕಾಬಾರಕ್ಕೆ ಕವಡೆ, ಇಲ್ಲವೇ ಒಡೆದ ಹುಣಸೆ ಬೀಜ. ಇಪ್ಪತ್ತು ಮುಖದ್ದನ್ನು ನಾನು ಕಂಡಿರಲಿಲ್ಲ. ಸೌಟಿನಲ್ಲಿ ಎತ್ತಿಕೊಂಡು ಹೊರಗೆ ಬಂದು, "ಇದನ್ನ ಬ್ಯಾಳ್ಯಾಗ ಯಾರ ಹಾಕಿದ್ರಿ?" ಎಂದು ಚೀರಿದೆ.

ಸುಮಾ ಎನ್ನುವವಳು, ವಾಯುಸೇನೆಯ ನೌಕರನ ಹೆಂಡತಿ, ಮೈಸೂರಿನ ಕಡೆಯವಳು, ಬಾಯಿ ಮುಚ್ಚಿಕೊಂಡು ಹೇಳಿದಳು: "ಅಜ್ಜಿ, ಅದು ಜೈಲಲ್ಲಿತ್ತು."

ಜೈಲು ಅಂದರೆ ನಿಯಮ. ಇವರ ಆಟಕ್ಕೆ ನಿಯಮದ ಪುಸ್ತಕ ಬೇರೆ ಇದೆ, ದಪ್ಪನೆಯದು, ಯಾರೋ ಎಲ್ಲೋ ಮಾಡಿದ್ದು. ಅದರ ಮೇಲೆ ಇವರದೇ ಮನೆ ನಿಯಮಗಳು, ಬಾಯಲ್ಲಿರುವವು. ಒಂದೇ ದಾಳ ಮೂರು ಸಲ ಸೋಲಿಸಿದರೆ ಅದಕ್ಕೆ ಶಿಕ್ಷೆ, ಬೇಳೆಯ ಡಬ್ಬಿಯಲ್ಲಿ ಹೂಳಬೇಕು. ನೆಲಕ್ಕೆ ಬಿದ್ದ ದಾಳ ಲೆಕ್ಕಕ್ಕಿಲ್ಲ, ಬೀಳಿಸಿದವರು ಎಲ್ಲರಿಗೂ ಚಹಾ ಮಾಡಬೇಕು. ಬೇರೆಯವರು ಸಾಯುತ್ತಿರುವಾಗ ಚುಡುವಾ ಕರುಂ ಕುರುಂ ಎನ್ನಿಸಬಾರದು. ಕುದುರೆಗೆ ಹೆಸರಿಟ್ಟರೆ ಮುಗಿಯಿತು, ಆ ಕುದುರೆಯನ್ನು ಮಾರುವಂತಿಲ್ಲ.

"ಬ್ಯಾಳಿ ಡಬ್ಬಿನ ಯಾಕ? ಬ್ಯಾರೆ ಡಬ್ಬಿ ಸಿಗಲಿಲ್ಲೇನು?"

ಗಿರಿಜಾ ತಲೆ ಕೆರೆದುಕೊಂಡಳು. "ಅದನ್ನ ಯಾರೂ ತಗಿಯೂದಿಲ್ಲಲ್ಲಬೇ."

ಆ ಮಾತು ನನಗೆ ತಾಗಿತು. ಮನೆಯ ಡಬ್ಬಿಗಳಲ್ಲಿ ಯಾರೂ ತೆಗೆಯದ ಡಬ್ಬಿ ಬೇಳೆಯದು. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ತಿಂದು ಬಂದು ಮಲಗುವವಳ ಮನೆ ಅದು. ಖಾನಾವಳಿಯವಳ ಮಗಳು.

ದಾಳ ಬೆಂದು ಒಂದು ಮೂಲೆ ಮೆತ್ತಗಾಗಿ ಸೊಟ್ಟಗಾಗಿತ್ತು. ಆಟ ನಡೆಸುವವನು ಪ್ರಫುಲ್, ಗಣಿತದ ಟ್ಯೂಷನ್ ಮಾಸ್ತರ, ಹೊಟ್ಟೆ ದೊಡ್ಡದು, ದನಿ ಸಣ್ಣದು. ಅದನ್ನು ತೆಗೆದುಕೊಂಡು ಉರುಳಿಸಿದ. ಹದಿನೇಳು ಬಿತ್ತು. ಮತ್ತೆ ಉರುಳಿಸಿದ, ಮತ್ತೆ ಹದಿನೇಳು. ಕಾಮಠಿಯಿಂದ ಬರುವ ಇಮ್ರಾನ್, ಮೊಬೈಲ್ ರಿಪೇರಿ ಅಂಗಡಿಯವನು, ಎರಡೂ ಕೈ ಮೇಲೆತ್ತಿ, "ಸಜಾ ಕಾಟ್ ಕೇ ಸುಧರ್ ಗಯಾ!" ಎಂದ. ಶಿಕ್ಷೆ ಅನುಭವಿಸಿ ಸುಧಾರಿಸಿತು ಎಂದು.

ಕುಂಟು ದಾಳದಿಂದ ಎಲ್ಲರೂ ಆಡಿದರೆ ಅನ್ಯಾಯ. ಎಸೆಯಲು ಮನಸ್ಸಿಲ್ಲ. ಬಹಳ ಹೊತ್ತು ಚರ್ಚೆ ಮಾಡಿ ಪ್ರಫುಲ್ ಹೊಸ ನಿಯಮ ಹೇಳಿದ: ಬೆಂದ ದಾಳವನ್ನು ಬೇಯಿಸಿದವರು ಮಾತ್ರ ಉರುಳಿಸಬಹುದು, ಭಾನುವಾರಕ್ಕೆ ಒಂದೇ ಸಲ. ಅಂದರೆ ನಾನು. ಅಂದರೆ ನಾನು ಆಡಬೇಕು.

"ನಾ ಒಲ್ಲೆ," ಎಂದೆ. ಆಮೇಲೆ ಕೂತೆ. ಬೇಳೆ ಹೇಗೂ ಕೆಟ್ಟಿತ್ತು, ಮಾಡಲು ಬೇರೆ ಕೆಲಸವಿರಲಿಲ್ಲ.

ಆಟ ಹೀಗೆ. ಪ್ರತಿಯೊಬ್ಬರೂ ಮನಸ್ಸಿನಲ್ಲೇ ಒಂದು ವೇಷ ಕಟ್ಟಿಕೊಳ್ಳಬೇಕು. ಗಿರಿಜಾ ಕಳ್ಳಿ, ಇಮ್ರಾನ್ ಕುದುರೆ ಸವಾರ, ಸುಮಾ ಮಂತ್ರಗಾತಿ. ಪ್ರಫುಲ್ ಕತೆ ಹೇಳುತ್ತಾನೆ: ಮುಂದೆ ಗವಿ ಇದೆ, ಒಳಗೆ ಏನೋ ಉಸಿರಾಡುತ್ತಿದೆ, ಏನು ಮಾಡುತ್ತೀರಿ? ಇವರು ಹೀಗೆ ಮಾಡುತ್ತೇವೆ ಎನ್ನುತ್ತಾರೆ, ದಾಳ ಉರುಳಿಸುತ್ತಾರೆ, ದೊಡ್ಡ ಸಂಖ್ಯೆ ಬಿದ್ದರೆ ಆಗುತ್ತದೆ, ಸಣ್ಣದು ಬಿದ್ದರೆ ಇಲ್ಲ. ಬಯಲಾಟವೇ, ಆದರೆ ಬಣ್ಣವಿಲ್ಲ, ಕುಣಿತವಿಲ್ಲ, ಕೂತಲ್ಲೇ.

ನನಗೆ ಯಾವ ವೇಷ ಎಂದು ಕೇಳಿದರು. ಮಾಯಾವಿ ಆಗುತ್ತೀರಾ, ರಾಣಿ ಆಗುತ್ತೀರಾ? ಅಡಿಗೆಯವಳು ಎಂದೆ. ಹೆಸರು ಬಸವ್ವ. ಆಯುಧ ಸೌಟು. ಇವರ ದಂಡಿಗೆ ಅನ್ನ ಹಾಕುವವರೇ ಇರಲಿಲ್ಲ, ಇಷ್ಟು ವರ್ಷ ಗವಿ ಗವಿ ಅಲೆದವರು ಏನು ತಿನ್ನುತ್ತಿದ್ದರೋ.

ಮೊದಲನೆಯ ಗವಿಯಲ್ಲಿ ಒಬ್ಬ ರಾಕ್ಷಸ ಕಾವಲಿದ್ದ. ಇಮ್ರಾನ್ ಕತ್ತಿ ತೆಗೆದ. ನಾನು ತಡೆದೆ. "ಉಂಡಾನೋ ಇಲ್ಲೋ ಕೇಳ್ರಿ ಮೊದಲ." ಪ್ರಫುಲ್ ಗಲ್ಲ ಉಜ್ಜಿಕೊಂಡ, ರಾಕ್ಷಸ ಉಂಡಿಲ್ಲ ಎಂದ. ರೊಟ್ಟಿ, ಎಣ್ಣೆಗಾಯಿ ಬಡಿಸಿದೆ. ದಾಳ ಉರುಳಿಸಿದೆ, ಹದಿನೇಳು. ರಾಕ್ಷಸ ಉಂಡು ತಟ್ಟೆಯಲ್ಲೇ ಕೈ ತೊಳೆಯಲು ಹೋದ. ಖಾನಾವಳಿಯಲ್ಲಿ ನನ್ನ ನಿಯಮ ಅದೊಂದೇ ಕಡಕ್ಕು, ತಟ್ಟೆಯಲ್ಲಿ ಕೈ ತೊಳೆದವನಿಗೆ ಮರುದಿನ ಊಟವಿಲ್ಲ. ಬಸವ್ವ ಸೌಟಿನಿಂದ ಕೊಟ್ಟಳು. ರಾಕ್ಷಸ ಹೊರಗೆ ಹೋಗಿ ತೊಳೆದುಕೊಂಡ, ನಾವು ಗವಿಯೊಳಗೆ ಹೋದೆವು. ಎಷ್ಟೋ ತಿಂಗಳ ಮೇಲೆ ಆ ದಿನ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಚಳಿಗಾಲ ಹಾಗೆ ಹೋಯಿತು. ವಾರವೆಲ್ಲ ಭಾನುವಾರಕ್ಕೆ ಕಾಯುವುದಾಯಿತು. ಟ್ರಂಕು ಮಾತ್ರ ಕಟ್ಟೆಯ ಮೇಲೆಯೇ ಇತ್ತು.

ಬೇಸಿಗೆ ಬಂತು, ತಂಟೆಯೂ ಬಂತು. ಇಲ್ಲಿ ಬೇಸಿಗೆಗೆ ಕಿಟಕಿಗೊಂದು ಕೂಲರ್ ಕಟ್ಟುತ್ತಾರೆ. ತಗಡಿನ ಡಬ್ಬ, ಮೂರು ಕಡೆ ಹುಲ್ಲು, ಒಳಗೆ ನೀರು, ಫ್ಯಾನು. ತಂಪಾಗುತ್ತದೆ, ಆದರೆ ಹಿಟ್ಟಿನ ಗಿರಣಿಯಂತೆ ಸದ್ದು. ಆ ಸದ್ದಿನ ಮೇಲೆ ಒಬ್ಬರ ಮಾತು ಒಬ್ಬರಿಗೆ ಕೇಳಬೇಕೆಂದರೆ ಒದರಬೇಕು. ಇವರು ಒದರಿದರು. "ಮಾರ್! ಕಾಟ್! ಗರ್ದನ್ ಪೇ ಮಾರ್!" ಹೊಡಿ, ಕಡಿ, ಕುತ್ತಿಗೆಗೆ ಹೊಡಿ ಎಂದು. ನಾನೂ ಒದರಿದೆ, ನನ್ನ ಗಂಟಲು ಖಾನಾವಳಿಯದು.

ಒಂದು ಭಾನುವಾರ ಸುಲಭಾ ಕಾಕೂ ಮೇಲೆ ಬಂದರು. ಕೈಯಲ್ಲಿ ಜಪಮಾಲೆ. ಬಾಗಿಲಲ್ಲೇ ನಿಂತು ನೋಡಿದರು. ಮೇಜಿನ ಮೇಲೆ ದಾಳಗಳು, ಸುತ್ತ ಇಬ್ಬರು ಪರ ಗಂಡಸರು, ನಡುವೆ ಮುದುಕಿ ನಾನು.

"ಜುಗಾರ್!" ಎಂದರು. ಜೂಜು ಎಂದು. "ನನ್ನ ತಲೆಯ ಮೇಲೆ ಕೂತು ಜುಗಾರ್! ನಾನು ಕೆಳಗೆ ಹರಿ ಹರಿ ಅನ್ನಬೇಕು, ನೀವು ಮೇಲೆ ಮಾರ್ ಮಾರ್ ಅನ್ನಬೇಕು!"

ಪ್ರಫುಲ್ ಎದ್ದು ನಿಂತ. "ಕಾಕೂ, ಹಾ ಖೇಳ್ ಆಹೇ, ಆಟ ಅಷ್ಟೇ..."

"ಪಾಂಡವರೂ ಆಟ ಅಂತಲೇ ಕೂತಿದ್ದರು," ಎಂದರು ಕಾಕೂ. ಗಿರಿಜಾ ಕಡೆ ತಿರುಗಿ ಖಡಾಖಡಿ ಹೇಳಿಬಿಟ್ಟರು: ಈ ತಿಂಗಳು ಮುಗಿಯುವುದರೊಳಗೆ ಒಂದೋ ಆ ದಾಳ ಹೋಗಬೇಕು, ಇಲ್ಲವೋ ಘರ್ ಖಾಲೀ, ಮನೆ ಬಿಡಬೇಕು. ಹೋಗುವಾಗ ಟ್ರಂಕಿಗೆ ಒಂದು ಸಲ ಕಾಲು ತಾಗಿಸಿಯೇ ಹೋದರು.

ಅಂದು ಆಟ ಅಲ್ಲಿಗೇ ನಿಂತಿತು. ಎಲ್ಲರೂ ಹೋದ ಮೇಲೆ ನಾನು ಹೇಳಿದೆ, "ಆಟ ಬಿಡ್ರಿ. ಮನಿ ದೊಡ್ಡದೋ, ಆಟ ದೊಡ್ಡದೋ?"

"ಮನಿ ಬಿಡೂಣು," ಎಂದಳು ಗಿರಿಜಾ.

"ಹುಚ್ಚೇನs? ಒಂಟಿ ಹೆಣ್ಣಿಗೆ ಈ ಊರಾಗ ಮನಿ ಕೊಡೂದಿಲ್ಲಂತ ನೀನs ಅಂದಿದ್ದಿ. ಇದು ನಾಕನೇ ಮನಿ."

ಗಿರಿಜಾ ಚೆಲ್ಲಿದ ಚುಡುವಾ ಬಳಿಯುತ್ತ ಹೇಳಿದಳು. ಅಳಲಿಲ್ಲ, ಅಳುವವಳಲ್ಲ. ಮೊದಲನೆಯ ವರ್ಷ ಈ ಊರಲ್ಲಿ ಅವಳಿಗೆ ಯಾರೂ ಇರಲಿಲ್ಲವಂತೆ. ಭಾನುವಾರ ಬಂದರೆ ಸ್ಟೇಷನ್ನಿಗೆ ಹೋಗುತ್ತಿದ್ದಳಂತೆ. ಬೆಂಗಳೂರಿನಿಂದ ದಿಲ್ಲಿಗೆ ಹೋಗುವ ಗಾಡಿ ಇಲ್ಲಿ ನಿಲ್ಲುತ್ತದೆ. ನಿಂತಷ್ಟು ಹೊತ್ತು ಜನ ಇಳಿದು ನೀರು ತುಂಬಿಕೊಳ್ಳುತ್ತಾರೆ, ಕನ್ನಡ ಮಾತಾಡುತ್ತಾರೆ. ಅದನ್ನು ಕೇಳಿಸಿಕೊಳ್ಳಲು. ಗಾಡಿ ಹೋದ ಮೇಲೆ ಮನೆಗೆ.

"ಯಾರರೆ ಮಾತಾಡಸ್ತಿದ್ದಿಲ್ಲೇನು?"

"ಏನಂತ ಮಾತಾಡಸ್ಲಿ? ನಿಮ್ಮ ಬಾಟ್ಲಿ ತುಂಬೇತಿ, ನಲ್ಲಿ ಬಂದ್ ಮಾಡ್ರಿ ಅಂತಿದ್ದೆ. ಅಷ್ಟs."

ಅಲ್ಲೇ ಒಂದು ದಿನ ಸುಮಾ ಸಿಕ್ಕಿದಳಂತೆ, ಮೈಸೂರಿನಿಂದ ಯಾರೋ ಕಳಿಸಿದ ಮೂಟೆ ಇಳಿಸಿಕೊಳ್ಳಲು ಬಂದವಳು. ಮೂಟೆ ಭಾರ, ಗಿರಿಜಾ ಒಂದು ಕಿವಿ ಹಿಡಿದಳು. ಭಾನುವಾರ ಏನು ಮಾಡುತ್ತೀರಿ ಎಂದು ಸುಮಾ ಕೇಳಿದಳು. ಇಲ್ಲಿಗೆ ಬರುತ್ತೇನೆ ಎಂದು ಗಿರಿಜಾಗೆ ಹೇಳಲಾಗಲಿಲ್ಲ. ಮುಂದಿನ ವಾರ ಸುಮಾ ಅವಳನ್ನು ಈ ಆಟಕ್ಕೆ ಕರೆದುಕೊಂಡು ಹೋದಳು. ಆವತ್ತಿನಿಂದ ಸ್ಟೇಷನ್ ಬಿಟ್ಟಳು.

ನಾನು ಸತ್ತ ಮೇಲೆ ಇವಳಿಗೆ ಯಾರು ಎಂಬ ಹುಳ ನನ್ನ ತಲೆಯಲ್ಲಿ ಬಹಳ ವರ್ಷದಿಂದ ಇತ್ತು. ಗಂಡು ಹುಡುಕಿ ಹುಡುಕಿ ಸಾಕಾಗಿ ಬಿಟ್ಟಿದ್ದೆ. ಉತ್ತರ ನನ್ನ ಮುಂದೆಯೇ ಚುಡುವಾ ತಿನ್ನುತ್ತ ಕೂತಿತ್ತು, ನನಗೆ ಕಂಡಿರಲಿಲ್ಲ. ಈಗ ಅದು ಮನೆಯ ಜೊತೆ ಹೋಗುವುದರಲ್ಲಿತ್ತು.

ಮುಂದಿನ ಭಾನುವಾರ ಕೂಲರ್ ಆರಿಸಿ, ಬೆವರು ಸುರಿಸುತ್ತ, ಪಿಸುಮಾತಿನಲ್ಲಿ ಆಡಿದರು. ಕಡೆಯ ಆಟವೇನೋ ಎಂಬಂತೆ. ಒಂದು ಸೇತುವೆ ಮುರಿಯಿತು, ಇಮ್ರಾನನ ಕುದುರೆ ಕಾಲು ಜಾರಿತು. ಆ ಕುದುರೆಯ ಹೆಸರು ಬಿಜಲಿ. ಇಲ್ಲದ ಕುದುರೆ, ಆದರೆ ಇಮ್ರಾನನ ಕಣ್ಣಲ್ಲಿ ಇದ್ದ ನೀರು. ನಾನು ಬೆಂದ ದಾಳ ಉರುಳಿಸಿದೆ. ಹದಿನೇಳು, ಕುದುರೆ ಉಳಿಯಿತು.

"ಆಜಿ, ನಿಮ್ಮ ಒಂದು ಸಲ ಮುಗೀತು," ಎಂದ ಪ್ರಫುಲ್. "ಈಗ ಬಸವ್ವ ಸೇತುವೆ ಮೇಲಿದ್ದಾಳೆ. ಅವಳಿಗೆ ಸಾದಾ ದಾಳ."

ಸಾದಾ ದಾಳ ಹಾಕಿದೆ. ಎರಡು ಬಿತ್ತು. ಬಸವ್ವ ಸೌಟಿನ ಸಮೇತ ನದಿಗೆ ಬಿದ್ದು ಸತ್ತಳು.

"ಒಂದ್ ಕುದುರೆಗೋಸ್ಕರ, ಅಜ್ಜಿ!" ಎಂದಳು ಸುಮಾ.

"ಕುದುರಿ ಸತ್ರ ಈ ಹುಡುಗ ಅಳ್ತಾನ. ಚಹಾ ಆರಿ ಹೊಕ್ಕೈತಿ," ಎಂದೆ.

ಈಗ ಇವರ ಎಲ್ಲಕ್ಕಿಂತ ತಮಾಷೆಯ ನಿಯಮಕ್ಕೆ ಬರುತ್ತೇನೆ. ಯಾರ ವೇಷ ಸಾಯುತ್ತದೋ ಅವರು ಮುಂದಿನ ಭಾನುವಾರ ಸತ್ತವರಿಗೆ ಪ್ರೀತಿಯಾದ ಅಡಿಗೆ ಮಾಡಿ ಎಲ್ಲರಿಗೂ ಹಾಕಬೇಕು. ಹಾಕುವ ತನಕ ಹೊಸ ವೇಷವಿಲ್ಲ. ಹಿಂದೆ ಸುಮಾಳ ಮಂತ್ರವಾದಿಯೊಬ್ಬ ಸತ್ತಾಗ ಬಿಸಿಬೇಳೆಭಾತು ಮಾಡಿದ್ದಳಂತೆ, ಇಮ್ರಾನನ ಬಂಟ ಸತ್ತಾಗ ಕಾಮಠಿಯಿಂದ ಖೀರು ಬಂದಿತ್ತಂತೆ.

ನಾನು ಹೇಳಿದೆ, "ನಿಮ್ಮ ನಿಯಮ ಅರ್ಧಾ ಐತಿ. ಸತ್ತವರ ದಿನದ ಊಟ ಅಂದ್ರ ಮನಿಯವರ ಉಣ್ಣೂದಲ್ಲ. ನಮ್ಮ ಕಡೆ ಹೊರಗಿನವರೊಬ್ಬರು ಮೊದಲನೇ ತುತ್ತು ಇಡಬೇಕು. ಇಲ್ಲಾಂದ್ರ ಸತ್ತಾಕಿಗೆ ಮುಟ್ಟೂದಿಲ್ಲ."

"ಹೊರಗಿನವರು ಯಾರು?" ಎಂದ ಪ್ರಫುಲ್.

ನಾನು ನೆಲದ ಕಡೆ ಬೆರಳು ತೋರಿಸಿದೆ. ಗಿರಿಜಾ ತಲೆಗೆ ಕೈ ಹೊತ್ತಳು.

ಶನಿವಾರ ಒಂದೊಂದೇ ಮೆಟ್ಟಿಲು ಇಳಿದು ಹೋದೆ. ಕಾಕೂ ಸಾಂಬಾರ್ ಸೋಸುತ್ತ ಕೂತಿದ್ದರು, ಅಂದರೆ ಕೊತ್ತಂಬರಿ. "ನಾಳೆ ದಿನದ ಊಟ ಇದೆ, ನೀವು ಬರಬೇಕು," ಎಂದೆ.

ಅವರ ಕೈ ನಿಂತಿತು. "ಅಗ ಬಾಈ! ಕೋಣ್ ಗೇಲಂ?" ಯಾರು ಹೋದರು ಎಂದು.

"ನಾನೇ," ಎಂದೆ.

ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಬಿಸಿಲು ತಲೆಗೆ ಏರಿದೆ ಎಂದುಕೊಂಡಿರಬೇಕು, ಒಂದು ಲೋಟ ಪನ್ಹೆ ಕೊಟ್ಟರು, ಮಾವಿನಕಾಯಿಯ ಪಾನಕ. ಕುಡಿಯುತ್ತ ಇದ್ದದ್ದು ಇದ್ದ ಹಾಗೆ ಹೇಳಿದೆ: ಆಟದಲ್ಲಿ ಬಸವ್ವ ಎಂಬ ಅಡಿಗೆಯವಳು ನಾನಾಗಿದ್ದೆ, ಒಂದು ಕುದುರೆಯ ದೆಸೆಯಿಂದ ಸತ್ತೆ, ಊಟ ಹಾಕುವುದು ಆ ಮಕ್ಕಳ ನಿಯಮ, ಹೊರಗಿನವರು ಮೊದಲು ಉಣ್ಣುವುದು ನಮ್ಮ ಊರಿನ ಪದ್ಧತಿ. "ಬರದಿದ್ದರೂ ನಡೀತದೆ. ಆದರೆ ತಿಂಗಳ ಕಡೆಗೆ ಮನೆಯಿಂದ ಹಾಕುವವರು ನೀವು. ಏನನ್ನು ಹಾಕುತ್ತಿದ್ದೀರಿ ನೋಡಿಯೇ ಹಾಕಿ."

ಕಾಕೂ ಮತ್ತೆ ಕೊತ್ತಂಬರಿ ಸೋಸತೊಡಗಿದರು.

ಭಾನುವಾರ ನನ್ನ ಭುಜಕ್ಕೆ ಎಣ್ಣೆ ಹಚ್ಚಿಸಿಕೊಂಡು ರೊಟ್ಟಿಗೆ ಕೂತೆ. ಬಡಿಯಲಾಗುವಷ್ಟು ಬಡಿದೆ, ಉಳಿದದ್ದು ಇಮ್ರಾನ್ ಬಡಿದ, ಭೂಪಟದಂತೆ ಬಂದವು. ಎಣ್ಣೆಗಾಯಿ, ಝುಣಕ, ಶೇಂಗಾ ಚಟ್ನಿ, ಗೋಧಿ ಹುಗ್ಗಿ. ಎಲ್ಲ ಬಡಿಸಿಕೊಂಡು ಕೂತೆವು. ಒಂದು ತಟ್ಟೆ ಖಾಲಿ ಜಾಗದ ಮುಂದೆ. ಯಾರೂ ಕೈ ಹಾಕುವಂತಿಲ್ಲ. ಹುಗ್ಗಿ ಆರತೊಡಗಿತು. ಗಿರಿಜಾ ನನ್ನ ಮುಖ ನೋಡಲಿಲ್ಲ.

ಮೆಟ್ಟಿಲ ಮೇಲೆ ಚಪ್ಪಲಿ ಬಿಡುವ ಸದ್ದಾಯಿತು. ಕಾಕೂ ಒಳಗೆ ಬಂದರು. ಸಾವಿನ ಊಟದ ಕರೆ, ಇಲ್ಲ ಅನ್ನಲು ಅವರ ಜೀವವೂ ಒಪ್ಪಲಿಲ್ಲ ಎಂದು ಕಾಣುತ್ತದೆ. ಕೂತರು. ರೊಟ್ಟಿ ಮುರಿದು ಎಣ್ಣೆಗಾಯಿಗೆ ಅದ್ದಿ ಬಾಯಿಗಿಟ್ಟರು. ಅಗಿದರು. "ಭಾಕರಿ ಪಾತಳ್ ಆಹೇ," ತೆಳ್ಳಗಿದೆ, ಎಂದರು. ಇನ್ನೊಂದು ತೆಗೆದುಕೊಂಡರು.

ಉಂಡಾದ ಮೇಲೆ ಮೇಜಿನ ಹತ್ತಿರ ಹೋದರು. ದಾಳಗಳನ್ನು ಸರಿಸಿ ನೋಡಿದರು, ಬಟ್ಟೆ ಎತ್ತಿ ನೋಡಿದರು. "ಪೈಸೇ ಕುಠೇ?" ದುಡ್ಡು ಎಲ್ಲಿ?

"ದುಡ್ಡಿಲ್ಲ, ಕಾಕೂ," ಎಂದ ಪ್ರಫುಲ್.

"ಮತ್ತೆ ಗೆದ್ದರೆ ಏನು ಸಿಗುತ್ತದೆ?"

ಇಮ್ರಾನ್ ಮೆಲ್ಲಗೆ ಹೇಳಿದ, "ಅಗಲಾ ಇತವಾರ್, ಕಾಕೂ." ಮುಂದಿನ ಭಾನುವಾರ.

ಕಾಕೂ ಕುರ್ಚಿ ಎಳೆದುಕೊಂಡು, "ಆ ಬಾಯಿ ಹೇಗೆ ಸತ್ತಳು, ಸರಿಯಾಗಿ ಹೇಳು," ಎಂದರು. ಪ್ರಫುಲ್ ಹೇಳಿದ. ಸೇತುವೆ ಬಂದಾಗ ಕಾಕೂ ತಡೆದರು. "ನದಿ ದಾಟಲು ಇವರಿಗೆ ನಾವಾಡಿ ಸಿಗಲಿಲ್ಲವೇ? ಕಾಹೂನ್ ಸೇತುವೆ?" ನಾವಾಡಿ ಅಂದರೆ ಅಂಬಿಗ. ಯಾರೂ ಅಂಬಿಗನನ್ನು ಕೇಳಿರಲಿಲ್ಲ. "ಕಿತಿ ಮೂರ್ಖ್!" ಎಂದು ಹಣೆ ಬಡಿದುಕೊಂಡರು. ಆಮೇಲೆ ಬೆರಳು ಮಡಿಸಿ ತಿಥಿ ಎಣಿಸಿದರು. ಬಸವ್ವ ಸತ್ತದ್ದು ಏಕಾದಶಿ. "ನೆಟ್ಟಗೆ ವೈಕುಂಠಕ್ಕೆ ಹೋದಳು, ಬದುಕಿಸಬೇಡಿ. ಆದರೆ ಇನ್ನು ಮುಂದೆ ನನ್ನ ಮನೆಯಲ್ಲಿ ಏಕಾದಶಿಯ ದಿನ ಯಾರನ್ನೂ ಕೊಲ್ಲಕೂಡದು."

ಇನ್ನು ಮುಂದೆ ಎಂದರು. ಗಿರಿಜಾ ತಟ್ಟೆ ಎತ್ತುತ್ತಿದ್ದವಳು ಹಾಗೇ ನಿಂತಳು. ನನ್ನ ಎದೆಯ ಮೇಲಿನ ಬೀಸುಕಲ್ಲು ಇಳಿಯಿತು. ಹುಗ್ಗಿ ಇನ್ನೊಂದು ಸೌಟು ಹಾಕಿಕೊಂಡೆ.

ಮನೆ ಉಳಿಯಿತು, ಷರತ್ತು ಹಾಕಿ. ದೀಪ ಹಚ್ಚುವ ಹೊತ್ತಿಗೆ ಆಟ ಮುಗಿಯಬೇಕು. ಮಾರ್ ಎಂಬ ಮಾತು ಕೇಳಿಸಬಾರದು. ಹೊಡೆಯುವುದಿದ್ದರೆ "ಪ್ರಸಾದ್ ದೇ" ಎನ್ನಬೇಕು. ಈಗ ಇವರು ರಾಕ್ಷಸನ ಮೇಲೆ ಬಿದ್ದು "ಪ್ರಸಾದ್ ದೇ! ಗರ್ದನ್ ಪೇ ಪ್ರಸಾದ್ ದೇ!" ಎಂದು ಕೂಗುತ್ತಾರೆ, ಕೆಳಗೆ ಕಾಕೂ ನೆಮ್ಮದಿಯಿಂದ ಜಪ ಮಾಡುತ್ತಾರೆ. ಏಕಾದಶಿಯ ದಿನ ಸಾಯುವವರು ಮೂರ್ಛೆ ಹೋಗಿ ದ್ವಾದಶಿಯ ತನಕ ಕಾಯುತ್ತಾರೆ. ಕಷ್ಟದ ಗವಿ ಬಂದರೆ ಇಮ್ರಾನ್ ಮೊದಲು ಪಂಚಾಂಗ ನೋಡುತ್ತಾನೆ.

ಆಮೇಲೆ ತಂಗಿಯ ಮೊಮ್ಮಗಳ ಮದುವೆಗೆ ಹುಬ್ಬಳ್ಳಿಗೆ ಹೋಗಿ ಬಂದೆ. ಟ್ರಂಕು ಒಯ್ಯಲಿಲ್ಲ, ಒಂದು ಚೀಲ ಒಯ್ದೆ. ಎಲ್ಲರೂ ಕನ್ನಡದಲ್ಲೇ ಬಯ್ಯುತ್ತಿದ್ದರು, ಕಿವಿಗೆ ತಂಪಾಯಿತು. ಮಿರ್ಚಿ ಭಜಿ ತಿಂದೆ. ಖಾನಾವಳಿ ಇದ್ದಲ್ಲಿ ಈಗ ಚಪ್ಪಲಿ ಅಂಗಡಿ. ರಾತ್ರಿ ಹೆಂಗಸರು ಚೌಕಾಬಾರ ಹಾಕಿದರು, ತಂಗಿಯ ಕೈಯಿಂದ ಒಂದು ಕವಡೆ ಜಾರಿ ಹೊರಗೆ ಹೋಯಿತು. "ಲೆಕ್ಕಕ್ಕಿಲ್ಲ, ಚಹಾ ಮಾಡು," ಎಂದೆ. "ಚಹಾ ಯಾಕs?" ಎಂದಳು. ಹೇಳಲು ಹೋದೆ. ಜೈಲು, ಬೇಳೆ, ಕುದುರೆ, ಏಕಾದಶಿ. ಅವಳು ನನ್ನ ಹಣೆ ಮುಟ್ಟಿ ನೋಡಿದಳು. ಅಲ್ಲಿ ಕೂತು ಇಲ್ಲಿನವರನ್ನು ನೆನೆದೆ. ಇಲ್ಲಿಗೆ ಬಂದ ಮೇಲೆ ಆ ಭಜಿಯನ್ನು ನೆನೆಯುತ್ತಿದ್ದೇನೆ.

ನಾನು ಕಲಿತದ್ದು ನಾಲ್ಕನೇ ಇಯತ್ತೆ. ಇದನ್ನು ಬರೆದು ತಿದ್ದಲು ಸುಮಾಳ ಕೈಗೆ ಕೊಡುತ್ತೇನೆ. ಗಿರಿಜಾಗೆ ಕೊಟ್ಟರೆ ಅಕ್ಷರ ಬಿಟ್ಟು ನನ್ನನ್ನೇ ತಿದ್ದುತ್ತಾಳೆ.

ಹೋದ ಭಾನುವಾರ ಹೊಸ ವೇಷ ಕಟ್ಟಿದೆ. ಅದಕ್ಕೂ ಇವರ ನಿಯಮವಿದೆ: ದಂಡಿಗೆ ಸೇರುವವರು ಎಲ್ಲಿಂದ ಬಂದೆ, ಯಾಕೆ ಮರಳಿ ಹೋಗಲಾರೆ ಎಂದು ಹೇಳಬೇಕು. ಇಮ್ರಾನನ ಸವಾರನ ಊರು ಸುಟ್ಟಿದೆ. ಸುಮಾಳ ಮಂತ್ರಗಾತಿಗೆ ಶಾಪ. ಗಿರಿಜಾಳ ಕಳ್ಳಿಯನ್ನು ರಾಜ ಹುಡುಕುತ್ತಿದ್ದಾನೆ.

"ನನ್ನಾಕಿ ಮರಳಿ ಹೋಗಬಹುದು," ಎಂದೆ.

"ಹಾಗೆ ನಡೆಯೋಲ್ಲ, ಆಜಿ," ಎಂದ ಪ್ರಫುಲ್. "ನಿಯಮ."

"ನಿನ್ನ ನಿಯಮ ನೀ ಇಟ್ಕೊ. ಆಕಿ ಊರು ಸುಟ್ಟಿಲ್ಲ, ಆಕಿ ಮ್ಯಾಲೆ ಯಾರ ಸಿಟ್ಟೂ ಇಲ್ಲ. ಗಾಡಿ ಐತಿ. ಮನಸಾದ್ರ ಹೊಕ್ಕಾಳ."

ಕಾಕೂ ಕುರ್ಚಿಯಲ್ಲಿ ಕೂತಿದ್ದರು, ಈಗೀಗ ಬರುತ್ತಾರೆ, ಆಡುವುದಿಲ್ಲ, ತಪ್ಪು ಹಿಡಿಯುತ್ತಾರೆ. "ಬರೋಬರ್ ಆಹೇ. ಹೋಗುವವಳು ಹೋಗಲಿ, ಇರುವಷ್ಟು ದಿನ ಇರಲಿ," ಎಂದರು. ಮನೆಯ ಒಡತಿಯ ಮಾತಿನ ಮೇಲೆ ಮಾತಿಲ್ಲ. ಪ್ರಫುಲ್ ಸೋತು ಕತೆ ಶುರು ಮಾಡಿದ. ಧರ್ಮಶಾಲೆ, ಹೊರಗೆ ಮಳೆ. ಎಲ್ಲರೂ ತಮ್ಮ ತಮ್ಮ ಸಾಮಾನು ಮೂಲೆಗೆ ಇಟ್ಟು ಬೆಂಕಿಯ ಹತ್ತಿರ ಕೂತಿದ್ದಾರೆ. ಹೊಸಬಳು ಬಾಗಿಲಿಗೆ ಬಂದಿದ್ದಾಳೆ, ಕೈಯಲ್ಲಿ ಗಂಟು.

"ಆಜಿ, ಗಂಟು ಎಲ್ಲಿಡ್ತಾಳೆ?"

ಗಿರಿಜಾ ನನ್ನನ್ನೇ ನೋಡುತ್ತಿದ್ದಳು.

"ಬಾಗಲದಾಗ ಇಡ್ತಾಳ," ಎಂದೆ. "ಒಳಗಿನ ಬಾಜೂ."

ಆಟ ಮುಗಿದ ಮೇಲೆ ಇಮ್ರಾನನೂ ಪ್ರಫುಲ್ಲನೂ ಆ ಕಡೆ ಈ ಕಡೆ ಹಿಡಿದು ನನ್ನ ಟ್ರಂಕನ್ನು ಹೊಸ್ತಿಲು ದಾಟಿಸಿದರು. ಬಾಗಿಲ ಹಿಂದೆ ಇದೆ. ಬೀಗ ಹಾಕಿಯೇ ಇದೆ.